ಹಾಡು ಎಲ್ಲೂ ಹೋಗಿಲ್ಲ: ಸಂಗೀತ ಸಂಗ್ರಹವನ್ನು ಹೊಸ ಡಿಸ್ಕಿಗೆ ಸಾಗಿಸುವಾಗ ಬರುವ ತೊಂದರೆಗಳು

ನನ್ನ ಹತ್ತಿರ ಸುಮಾರು 38 ಸಾವಿರ ಫೈಲ್‌ಗಳಿವೆ. ಅಪ್ಪನ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಯಕ್ಷಗಾನ, ಸಿಡಿಗಳಿಂದ ತೆಗೆದಿಟ್ಟ ಹಿಂದೂಸ್ತಾನಿ, ಒಂದಷ್ಟು ರಂಗಗೀತೆ, ಭಾವಗೀತೆ, ಎಲ್ಲಿಂದ ಬಂತೋ ನೆನಪಿಲ್ಲದ ಎಂಪಿ3 ರಾಶಿ. 1 ಟಿಬಿ ಡಿಸ್ಕ್ ತುಂಬಿ ತುಳುಕಿತು ಅಂತ 4 ಟಿಬಿಯದೊಂದು ತಂದೆ. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಆ ಮೂರು ವಾರದಲ್ಲಿ ಹಾಡು ಕಳೆದೇಹೋಯಿತು ಅಂತ ಹತ್ತು ಸಲವಾದರೂ ಎದೆ ಧಸಕ್ ಅಂದಿದೆ. ನಿಜವಾಗಿ ಕೆಟ್ಟಿದ್ದು ಮೂರೋ ನಾಲ್ಕೋ ಫೈಲ್. ಮಿಕ್ಕಿದ್ದೆಲ್ಲ ಡಿಸ್ಕಿನಲ್ಲೇ ಇತ್ತು. ತಪ್ಪಿಹೋಗಿದ್ದು ಅವುಗಳ ವಿಳಾಸ, ಇಲ್ಲವೇ ಹೆಸರು. ಆದರೆ ಗಾಬರಿಯಲ್ಲಿ ಅಳಿಸಿದರೆ, ಫಾರ್ಮ್ಯಾಟ್ ಒತ್ತಿದರೆ, ಮೇಲಿಂದ ಮೇಲೆ ಕಾಪಿ ಸುರಿದರೆ ಹಾಡು ನಿಜವಾಗಿಯೂ ಹೋಗುತ್ತದೆ. ಹಾಗಾಗಿ ಮೊದಲು ಲಕ್ಷಣ ನೋಡಿ, ಆಮೇಲೆ ಕೈ ಹಾಕಿ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಕಟ್ ಮಾಡಿ ಪೇಸ್ಟ್ ಮಾಡಬೇಡಿ. ಕಾಪಿ ಮಾಡಿ. ಕಟ್ ಮಾಡಿದಾಗ ನಡುವೆ ಕರೆಂಟ್ ಹೋದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ ಉಳಿದು, ಯಾವುದು ಎಲ್ಲಿದೆ ಅಂತ ಹುಡುಕುವುದೇ ಒಂದು ಕೆಲಸವಾಗುತ್ತದೆ. ಈ ಕೈಪಿಡಿಯಲ್ಲಿರುವ ಅರ್ಧಕ್ಕರ್ಧ ಉಪಾಯಗಳು ಹಳೆ ಡಿಸ್ಕ್ ಮುಟ್ಟದೆ ಹಾಗೇ ಇದ್ದರೆ ಮಾತ್ರ ನಡೆಯುತ್ತವೆ.

## ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ, ಅಥವಾ ಕೆರೆದ ಸದ್ದು ಬರುತ್ತಿದೆ

ಇದನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದೇನೆ. ಇಲ್ಲಿ ತಡಮಾಡಿದಷ್ಟೂ ನಷ್ಟ ಜಾಸ್ತಿ.

ಮೊದಲು ಒಂದೇ ಒಂದು ಪರೀಕ್ಷೆ ಮಾಡಿ. ಚಿಕ್ಕ ಪೋರ್ಟಬಲ್ ಡಿಸ್ಕ್ ಆಗಿದ್ದರೆ ಅದಕ್ಕೆ ಬೇಕಾದ ಕರೆಂಟ್ ಯುಎಸ್‌ಬಿ ಕೇಬಲ್‌ನಿಂದಲೇ ಬರಬೇಕು. ಡೆಸ್ಕ್‌ಟಾಪ್‌ನ ಮುಂದಿನ ಪೋರ್ಟ್, ಉದ್ದನೆಯ ಕೇಬಲ್, ಅಗ್ಗದ ಹಬ್ ಇವುಗಳಲ್ಲಿ ಅದು ಸಾಲದೆ ಹೋಗಬಹುದು. ಆಗ ಡಿಸ್ಕ್ ತಿರುಗಲು ಹೊರಟು, ನಿಂತು, ಮತ್ತೆ ಹೊರಡುತ್ತದೆ. ಆ ಸದ್ದೂ ಟಿಕ್ ಟಿಕ್ ಅಂತಲೇ ಕೇಳಿಸುತ್ತದೆ. ಡಿಸ್ಕಿನ ಜೊತೆ ಬಂದ ಗಿಡ್ಡ ಕೇಬಲ್ ಹಾಕಿ ಹಿಂದಿನ ಪೋರ್ಟಿಗೆ ಚುಚ್ಚಿ ನೋಡಿ. ಸದ್ದು ನಿಂತಿತೋ, ಬದುಕಿಕೊಂಡಿರಿ.

ನಿಲ್ಲಲಿಲ್ಲ ಅಂದರೆ ತಕ್ಷಣ ತೆಗೆಯಿರಿ. ಇನ್ನೊಂದು ಸಲ ನೋಡೋಣ ಅನ್ನಬೇಡಿ. ಓದುವ ಹೆಡ್ ಕೆಟ್ಟಿದ್ದರೆ ಪ್ರತಿ ಸಲ ಚಾಲೂ ಮಾಡಿದಾಗಲೂ ಅದು ತಟ್ಟೆಯ ಮೇಲ್ಮೈಯನ್ನು ಗೀಚುತ್ತಿರಬಹುದು. ಫ್ರಿಜ್‌ನಲ್ಲಿಡುವುದು, ಬದಿಗೆ ತಟ್ಟುವುದು, ಮುಚ್ಚಳ ಬಿಚ್ಚಿ ನೋಡುವುದು ಯಾವುದೂ ಬೇಡ. ಒಳಗಿನ ಹೆಡ್ ತಟ್ಟೆಯಿಂದ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ಹಾರುತ್ತಿರುತ್ತದೆ. ನಮ್ಮ ಮನೆಯ ಧೂಳಿನ ಒಂದು ಕಣ ಅದಕ್ಕೆ ಬಂಡೆ ಇದ್ದಂತೆ. ದತ್ತಾಂಶ ಮರಳಿ ಪಡೆದುಕೊಡುವ ಕೇಂದ್ರಗಳಲ್ಲಿ ಧೂಳಿಲ್ಲದ ಕೋಣೆ ಇರುತ್ತದೆ. ಅಲ್ಲಿಗೇ ಒಯ್ಯಿರಿ. ಕಂಪ್ಯೂಟರ್ ರಿಪೇರಿ ಅಂಗಡಿಯವರು 'ತೆಗೆದು ನೋಡ್ತೀವಿ ಸಾರ್' ಅಂದರೆ ಒಪ್ಪಬೇಡಿ. ಖರ್ಚು ಸಾವಿರಗಳಲ್ಲಿ ಆಗುತ್ತದೆ. ಆ ಡಿಸ್ಕಿನಲ್ಲಿರುವುದು ಮತ್ತೆಲ್ಲೂ ಸಿಗದ ಧ್ವನಿಯೋ, ಅಂಗಡಿಯಲ್ಲಿ ಇನ್ನೂ ಸಿಗುವ ಸಿಡಿಯೋ ಅಂತ ನೋಡಿಕೊಂಡು ನಿರ್ಧರಿಸಿ.

ದೊಡ್ಡ ಡೆಸ್ಕ್‌ಟಾಪ್ ಡಿಸ್ಕ್‌ಗೆ ಪ್ರತ್ಯೇಕ ಅಡಾಪ್ಟರ್ ಇರುತ್ತದೆ. ಸಾಮಾನ್ಯವಾಗಿ 12 ವೋಲ್ಟ್‌ನದು. ಪಿನ್ ಕೂರುತ್ತದೆ ಅಂತ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಚುಚ್ಚಿದರೆ ಬೋರ್ಡ್ ಸುಡಬಹುದು. ಅಡಾಪ್ಟರ್ ಮೇಲಿನ ಅಂಕಿ ಓದಿಯೇ ಹಾಕಿ.

## 'ಫಾರ್ಮ್ಯಾಟ್ ಮಾಡಬೇಕೆ?' ಅಂತ ಕೇಳುತ್ತಿದೆ

ಹೊಸ ಖಾಲಿ ಡಿಸ್ಕ್ ಆದರೆ ಮಾಡಿ. ಹಾಡಿರುವ ಹಳೆ ಡಿಸ್ಕ್ ಆದರೆ ಬೇಡ ಅಂತಲೇ ಒತ್ತಿ, ಕಿಟಕಿ ಮುಚ್ಚಿ.

ಆ ಡಿಸ್ಕ್ ಮೊದಲು ಮ್ಯಾಕ್‌ನಲ್ಲಿ ಬಳಸಿದ್ದೇ ಅಂತ ನೆನಪು ಮಾಡಿಕೊಳ್ಳಿ. ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಅಥವಾ ಎಪಿಎಫ್‌ಎಸ್ ರೀತಿಯಲ್ಲಿ ಬರೆದ ಡಿಸ್ಕನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ತನಗೆ ಓದಲು ಬರದ್ದನ್ನೆಲ್ಲ ಅದು ಖಾಲಿ ಡಿಸ್ಕ್ ಅಂತಲೇ ತಿಳಿಯುತ್ತದೆ. ಹಾಡುಗಳೆಲ್ಲ ಸುಖವಾಗಿ ಒಳಗಿರುತ್ತವೆ. ಒಬ್ಬರ ಮ್ಯಾಕ್‌ಗೆ ಚುಚ್ಚಿ ನೋಡಿದರೆ ಗೊತ್ತಾಗಿಬಿಡುತ್ತದೆ. ಇದನ್ನೇ ತಿರುವುಮುರುವಾಗಿ ಹೇಳುವುದಾದರೆ, ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಎರಡರಲ್ಲೂ ಬಳಸಬೇಕು ಅನ್ನುವವರು ಹೊಸ ಡಿಸ್ಕನ್ನು ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಅದಕ್ಕೊಂದು ದೌರ್ಬಲ್ಯ ಇದೆ. ಬರೆಯುವ ಮಧ್ಯೆ ಕರೆಂಟ್ ಹೋದರೆ ಎನ್‌ಟಿಎಫ್‌ಎಸ್‌ನಷ್ಟು ಚೆನ್ನಾಗಿ ಚೇತರಿಸಿಕೊಳ್ಳುವುದಿಲ್ಲ. ಬರೀ ವಿಂಡೋಸ್ ಮನೆಯಾದರೆ ಎನ್‌ಟಿಎಫ್‌ಎಸ್ ಸಾಕು.

ಡಿಸ್ಕ್ ಯಾವಾಗಲೂ ಇದೇ ವಿಂಡೋಸ್‌ನಲ್ಲೇ ಇತ್ತು, ನಿನ್ನೆವರೆಗೂ ತೆರೆಯುತ್ತಿತ್ತು, ಇವತ್ತು ಹೀಗೆ ಕೇಳುತ್ತಿದೆ ಅಂದರೆ ಕಡತಗಳ ಪಟ್ಟಿಯೇ ಕೆಟ್ಟಿರಬಹುದು. ಕೇಬಲ್ ಬದಲಿಸಿ, ಇನ್ನೊಂದು ಕಂಪ್ಯೂಟರ್‌ನಲ್ಲಿ ನೋಡಿ. ಅಲ್ಲೂ ಅದೇ ಆದರೆ ಅದರ ಮೇಲೆ ಏನನ್ನೂ ಬರೆಯಬೇಡಿ. ಚೆಕ್‌ಡಿಸ್ಕ್ ಓಡಿಸಿ ಅಂತ ಸಲಹೆ ಕೊಡುವವರು ಬಹಳ. ಚೆಕ್‌ಡಿಸ್ಕ್ ಮಾಡುವುದು ಡಿಸ್ಕನ್ನು ಸರಿಪಡಿಸುವ ಕೆಲಸ, ನಿಮ್ಮ ಫೈಲ್‌ಗಳನ್ನು ಉಳಿಸುವುದಲ್ಲ. ಹಾಳಾಗುತ್ತಿರುವ ಡಿಸ್ಕ್ ಮೇಲೆ ಅದನ್ನು ಗಂಟೆಗಟ್ಟಲೆ ಓಡಿಸಿದರೆ ಇದ್ದ ಜೀವವೂ ಹೋಗುತ್ತದೆ. ಮೊದಲು ಸಾಧ್ಯವಾದಷ್ಟನ್ನು ಹೊರಗೆ ತೆಗೆದುಕೊಳ್ಳಿ. ಲಿನಕ್ಸ್ ಗೊತ್ತಿದ್ದವರು ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ಪ್ರತಿ ತೆಗೆದು, ಆ ಪ್ರತಿಯ ಮೇಲೆ ಪ್ರಯೋಗ ಮಾಡುತ್ತಾರೆ. ನಿಮಗೆ ಅದು ಹೊಸದಾದರೆ ಇಲ್ಲೇ ನಿಲ್ಲಿಸಿ, ಗೊತ್ತಿದ್ದವರನ್ನು ಕರೆಯಿರಿ.

## ಹೊಸ ಡಿಸ್ಕ್ ಹೇಳಿದ್ದಕ್ಕಿಂತ ಚಿಕ್ಕದಿದೆ

4 ಟಿಬಿ ಅಂತ ತಂದದ್ದು ವಿಂಡೋಸ್‌ನಲ್ಲಿ 3.63 ಅಂತ ಕಾಣುತ್ತದೆ. 1 ಟಿಬಿ 931 ಜಿಬಿ ಆಗುತ್ತದೆ. ಯಾರೂ ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಮ್ಯಾಕ್ ಸಾವಿರದ ಲೆಕ್ಕವನ್ನೇ ಹಿಡಿಯುವುದರಿಂದ ಅಲ್ಲಿ ಪೂರ್ತಿ 4 ಕಾಣುತ್ತದೆ.

ಆದರೆ ಐನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಸಿಕ್ಕಿದ್ದರೆ, ಅದು ಪೂರ್ತಿ 2 ಟಿಬಿ ಅಂತ ತೋರಿಸಿದರೂ ನಂಬಬೇಡಿ. ಅದರ ಕಥೆ ಕೆಳಗಿದೆ.

## ಕಾಪಿ ಆಮೆ ನಡಿಗೆಯಲ್ಲಿ ಸಾಗುತ್ತಿದೆ

ಮೊದಲು ಒಂದು ಅಂದಾಜು ಇರಲಿ. ಯುಎಸ್‌ಬಿ 2.0ರಲ್ಲಿ ಸೆಕೆಂಡಿಗೆ 30ರಿಂದ 40 ಎಂಬಿ ಸಿಕ್ಕರೆ ಅದೇ ಹೆಚ್ಚು. ಆ ಲೆಕ್ಕದಲ್ಲಿ 1 ಟಿಬಿಗೆ 8 ಗಂಟೆ ಆಸುಪಾಸು. ಯುಎಸ್‌ಬಿ 3ರಲ್ಲಿ ಸಾಧಾರಣ ಹಾರ್ಡ್ ಡಿಸ್ಕ್ 100ರಿಂದ 130 ಕೊಡುತ್ತದೆ, ಎರಡೂವರೆ ಗಂಟೆಯಲ್ಲಿ ಮುಗಿಯಬೇಕು.

ಪೂರ್ತಿ ಹೊತ್ತೂ 35ರ ಹತ್ತಿರವೇ ನಿಂತಿದ್ದರೆ ನೀವು 2.0 ದಾರಿಯಲ್ಲಿದ್ದೀರಿ. ಪೋರ್ಟಿನ ಒಳಗೆ ನೀಲಿ ಬಣ್ಣದ ನಾಲಗೆ ಇದೆಯೇ ನೋಡಿ. ನೀಲಿ ಇದ್ದರೆ ಹೆಚ್ಚಾಗಿ 3.0. ಕೇಬಲ್ ಕೂಡ ಕೈಕೊಡುತ್ತದೆ. ಫೋನ್ ಚಾರ್ಜರ್ ಜೊತೆ ಬಂದ ಟೈಪ್-ಸಿ ಕೇಬಲ್‌ಗಳಲ್ಲಿ ಎಷ್ಟೋ 2.0 ವೇಗದವೇ. ನೋಡಲು ಎಲ್ಲ ಒಂದೇ ಥರ ಇರುತ್ತವೆ.

ಮೊದಲ ಅರ್ಧ ಗಂಟೆ ಜೋರಾಗಿ ಓಡಿ, ಆಮೇಲೆ 15ಕ್ಕೋ 20ಕ್ಕೋ ಇಳಿದರೆ ಅದು ಬೇರೆ ಕಾಯಿಲೆ. ಹೊಸ ಪೋರ್ಟಬಲ್ ಡಿಸ್ಕ್‌ಗಳು ಬಹಳಷ್ಟು ಎಸ್‌ಎಂಆರ್ ಜಾತಿಯವು. ಹಂಚಿನ ಮನೆಯ ಮಾಡಿನಂತೆ ಒಂದು ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಅರೆಬರೆ ಹೊದಿಸಿ ಬರೆಯುತ್ತವೆ. ಒಂದು ಹಂಚು ಬದಲಿಸಬೇಕಾದರೆ ಅಕ್ಕಪಕ್ಕದವನ್ನೂ ಎತ್ತಬೇಕಲ್ಲ, ಹಾಗೆ. ಒಂದೇ ಸಮನೆ ಸುರಿದರೆ ಏದುಸಿರು ಬಿಡುತ್ತವೆ. ದೋಷ ಅಲ್ಲ, ಸ್ವಭಾವ. 200 ಜಿಬಿಯಂತೆ ಕಂತಿನಲ್ಲಿ ಕೊಟ್ಟು, ನಡುವೆ ಡಿಸ್ಕನ್ನು ಚುಚ್ಚಿದ ಹಾಗೇ ಅರ್ಧ ಗಂಟೆ ಸುಮ್ನೆ ಬಿಡಿ. ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ಬರೆಯುವ ಅಗ್ಗದ ಎಸ್‌ಎಸ್‌ಡಿಗಳಲ್ಲೂ ಒಳಗಿನ ವೇಗದ ಭಾಗ ತುಂಬಿದ ಮೇಲೆ ಇದೇ ಗತಿ.

ವೇಗ ಸೊನ್ನೆಗೆ ಬಿದ್ದು, ಒಂದೇ ಹಾಡಿನ ಮೇಲೆ ನಿಮಿಷಗಟ್ಟಲೆ ನಿಂತರೆ ಎಚ್ಚರ. ಹಳೆ ಡಿಸ್ಕಿಗೆ ಆ ಜಾಗ ಓದಲು ಆಗುತ್ತಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಉಚಿತ ತಂತ್ರಾಂಶ ಹಾಕಿ ತೆರೆಯಿರಿ. ಅಲ್ಲಿ 05, ಸಿ5, ಸಿ6 ಈ ಮೂರು ಸಾಲುಗಳನ್ನು ನೋಡಿ. ಮೂರರಲ್ಲೂ ಸೊನ್ನೆ ಇರಬೇಕು. 05 ಅಂದರೆ ಕೆಟ್ಟು, ಬೇರೆಡೆಗೆ ಸ್ಥಳಾಂತರಿಸಿದ ಜಾಗಗಳು. ಸಿ5 ಅಂದರೆ ಕೆಟ್ಟಿದೆಯೋ ಇಲ್ಲವೋ ಅಂತ ಡಿಸ್ಕಿಗೇ ಅನುಮಾನ ಇರುವ ಜಾಗಗಳು. ಸಿ6 ಅಂದರೆ ಓದಲು ಆಗದೆ ಕೈಬಿಟ್ಟ ಜಾಗಗಳು. ಈ ಅಂಕಿಗಳು ಇವತ್ತಿಗಿಂತ ನಾಳೆ ಏರುತ್ತಿದ್ದರೆ ಆ ಡಿಸ್ಕ್ ಹೊರಡುವ ಸಿದ್ಧತೆಯಲ್ಲಿದೆ. ಬೇರೆಲ್ಲೂ ಸಿಗದ ಫೋಲ್ಡರ್‌ಗಳನ್ನು ಮೊದಲು ಕಾಪಿ ಮಾಡಿ. ಸಿನಿಮಾ ಹಾಡುಗಳು ಆಮೇಲೆ. ಸಿ7 ಸಾಲು ಮಾತ್ರ ಏರುತ್ತಿದ್ದರೆ ಸಮಾಧಾನ ಪಟ್ಟುಕೊಳ್ಳಿ. ಅದು ಹೆಚ್ಚಾಗಿ ಡಿಸ್ಕಿಗೆ ಹೋಗುವ ಕೇಬಲ್‌ನ ತಕರಾರು, ಒಳಗಿನ ಸಾಟಾ ಕೇಬಲ್ ಬದಲಿಸಿದರೆ ನಿಲ್ಲುತ್ತದೆ.

ಅದೇ ಪರದೆಯಲ್ಲಿ ಉಷ್ಣಾಂಶವೂ ಕಾಣುತ್ತದೆ. 50 ಡಿಗ್ರಿ ದಾಟಿದರೆ ಕಾಪಿ ನಿಲ್ಲಿಸಿ, ಟೇಬಲ್ ಫ್ಯಾನ್ ತಿರುಗಿಸಿ. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಕೂತು ಈ ಕೆಲಸ ಮಾಡುವವರು ರಾತ್ರಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

## ಕೆಲವು ಫೈಲ್‌ಗಳು ಮಾತ್ರ ಕಾಪಿ ಆಗುತ್ತಿಲ್ಲ

ಯಾವ ಫೈಲ್‌ಗಳು ಅನ್ನುವುದರಲ್ಲೇ ಉತ್ತರ ಇರುತ್ತದೆ.

ದೊಡ್ಡವು ಮಾತ್ರ ನಿಂತರೆ ಹೊಸ ಡಿಸ್ಕ್ ಫ್ಯಾಟ್32 ಆಗಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಸಂಗೀತಕ್ಕೆ ಎಲ್ಲಿಂದ 4 ಜಿಬಿ ಅಂತೀರಾ? ಕ್ಯಾಸೆಟ್ಟಿನ ಆಟವನ್ನು ನಾನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿಕೊಂಡಿದ್ದೆ. ಗಂಟೆಗೆ 2 ಜಿಬಿ. ಧ್ವನಿ ಕೆಡದಂತೆ ಗಾತ್ರ ಕುಗ್ಗಿಸುವ ಫ್ಲ್ಯಾಕ್ ರೂಪಕ್ಕೆ ಬದಲಿಸಿದ ಮೇಲೂ ರಾತ್ರಿಯಿಡೀ ನಡೆದ ಪ್ರಸಂಗ ಒಂದೇ ಫೈಲ್ ಆಗಿ 9 ಜಿಬಿ ಇತ್ತು. ಡಿಸ್ಕನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾಡಿದರೆ ಮುಗಿಯಿತು. ಫಾರ್ಮ್ಯಾಟ್ ಮಾಡುವಾಗ ಯಾವ ಡಿಸ್ಕ್ ಆಯ್ಕೆಯಾಗಿದೆ ಅಂತ ಎರಡು ಸಲ ನೋಡಿ. ಹಳೆಯದನ್ನು ಬಿಚ್ಚಿ ಪಕ್ಕಕ್ಕಿಟ್ಟು ಮಾಡಿದರೆ ಇನ್ನೂ ನೆಮ್ಮದಿ.

ಹೆಸರಿನಲ್ಲಿ ಪ್ರಶ್ನಾರ್ಥಕ, ಕೋಲನ್, ನಕ್ಷತ್ರ ಚಿಹ್ನೆ, ಜೋಡಿ ಉದ್ಧರಣ ಚಿಹ್ನೆ ಇರುವ ಫೈಲ್‌ಗಳು ನಿಂತರೆ ಅವು ಮ್ಯಾಕ್‌ನಿಂದಲೋ ಲಿನಕ್ಸ್‌ನಿಂದಲೋ ಬಂದವು. ವಿಂಡೋಸ್ ಈ ಚಿಹ್ನೆಗಳನ್ನು ಹೆಸರಿನಲ್ಲಿ ಒಪ್ಪುವುದಿಲ್ಲ. ಮೂಲದಲ್ಲೇ ಹೆಸರು ಬದಲಿಸಿ ತನ್ನಿ.

ಆಳವಾದ ಫೋಲ್ಡರ್‌ಗಳಲ್ಲಿರುವವು ನಿಂತರೆ ದಾರಿಯ ಉದ್ದ ಜಾಸ್ತಿಯಾಗಿದೆ. ವಿಂಡೋಸ್‌ನಲ್ಲಿ ಡ್ರೈವ್ ಅಕ್ಷರದಿಂದ ಫೈಲ್ ಹೆಸರಿನ ಕೊನೆಯವರೆಗೆ ಒಟ್ಟು 260 ಅಕ್ಷರದ ಹಳೆಯ ಮಿತಿಯೊಂದಿದೆ. ಶಾಸ್ತ್ರೀಯ ಸಂಗೀತದವರು ಇದಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತಾರೆ. ಗಾಯಕರ ಹೆಸರು, ಕಛೇರಿ, ಊರು, ವರ್ಷ, ರಾಗ, ತಾಳ, ತಬಲಾ ಯಾರು, ಹಾರ್ಮೋನಿಯಂ ಯಾರು ಎಲ್ಲ ಫೋಲ್ಡರ್ ಹೆಸರಿನಲ್ಲೇ ತುರುಕುತ್ತೇವಲ್ಲ. ಕನ್ನಡದಲ್ಲಿ ಒತ್ತಕ್ಷರ, ಸ್ವರಚಿಹ್ನೆ ಒಂದೊಂದೂ ಬೇರೆ ಲೆಕ್ಕ. 'ಕ್ಷ್ಮಿ' ನಮ್ಮ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರ್‌ಗೆ ಆರು. ಮೇಲಿನ ಫೋಲ್ಡರ್‌ನ ಹೆಸರು ಚಿಕ್ಕದು ಮಾಡಿ ನೋಡಿ. ಅಥವಾ ರೋಬೊಕಾಪಿ ಅನ್ನುವ ಕಮಾಂಡ್ ಬಳಸಿ. ವಿಂಡೋಸ್ ಜೊತೆಯಲ್ಲೇ ಬರುತ್ತದೆ, ಉದ್ದ ದಾರಿಗೆ ಹೆದರುವುದಿಲ್ಲ.

## ಎಣಿಕೆ ತಾಳೆಯಾಗುತ್ತಿಲ್ಲ

ಹಳೆಯದರಲ್ಲಿ ಇಷ್ಟು ಜಿಬಿ, ಹೊಸದರಲ್ಲಿ ಅಷ್ಟಿಲ್ಲ. ಅಥವಾ ಹೊಸದರಲ್ಲೇ ಜಾಸ್ತಿ!

ಪ್ರಾಪರ್ಟೀಸ್ ತೆರೆದರೆ ಎರಡು ಗಾತ್ರ ಕಾಣುತ್ತದೆ. ಫೈಲ್‌ಗಳ ನಿಜವಾದ ಗಾತ್ರ ಒಂದು, ಡಿಸ್ಕಿನಲ್ಲಿ ಹಿಡಿದ ಜಾಗ ಇನ್ನೊಂದು. ಹೋಲಿಸಬೇಕಾದದ್ದು ಮೊದಲನೆಯದನ್ನು. ಎಕ್ಸ್‌ಫ್ಯಾಟ್ ಡಿಸ್ಕ್ ದೊಡ್ಡದಾದರೆ ಸಾಮಾನ್ಯವಾಗಿ 128 ಕೆಬಿಯ ಡಬ್ಬಿಗಳಲ್ಲಿ ಜಾಗ ಹಂಚುತ್ತದೆ. 2 ಕೆಬಿಯ ಸಾಹಿತ್ಯದ ಫೈಲ್ ಇಟ್ಟರೂ ಒಂದು ಡಬ್ಬಿ ಖರ್ಚು. ಅಂಥವು 20 ಸಾವಿರ ಇದ್ದರೆ ಎರಡೂವರೆ ಜಿಬಿ ಗಾಳಿಗೆ ಹೋಯಿತು.

ನಿಜವಾದ ಗಾತ್ರದಲ್ಲೂ ವ್ಯತ್ಯಾಸ ಇದ್ದರೆ, ಅಡಗಿಸಿಟ್ಟ ಚಿಕ್ಕ ಫೈಲ್‌ಗಳು, ಆಲ್ಬಂ ಚಿತ್ರದ ನಕಲುಗಳು ಇವುಗಳಿಂದ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಸುಮ್ನೆ ಊಹಿಸುತ್ತ ಕೂರಬೇಡಿ. ಫ್ರೀಫೈಲ್‌ಸಿಂಕ್ ಅನ್ನುವ ತಂತ್ರಾಂಶದಲ್ಲಿ ಎರಡೂ ಡಿಸ್ಕ್‌ಗಳನ್ನು ಎಡಬಲಕ್ಕಿಟ್ಟು ಹೋಲಿಕೆ ಮಾತ್ರ ಮಾಡಿ. ಒಂದನ್ನು ಇನ್ನೊಂದರಂತೆ ಮಾಡುವ ಸಿಂಕ್ ಗುಂಡಿ ಮುಟ್ಟಬೇಡಿ. ದಿಕ್ಕು ತಪ್ಪಾದರೆ ಖಾಲಿ ಡಿಸ್ಕಿನ ಹಾಗೆ ತುಂಬಿದ್ದನ್ನೂ ಖಾಲಿ ಮಾಡಿಬಿಡುತ್ತದೆ.

ಕ್ಲೌಡ್ ಜೊತೆ ಬೆಸೆದ ಫೋಲ್ಡರ್ ಆಗಿದ್ದರೆ ಇನ್ನೊಂದು ಪರೀಕ್ಷೆ. ಡಿಸ್ಕಿನಲ್ಲಿ ಹಿಡಿದ ಜಾಗ ಸೊನ್ನೆ ಅಂತಿದ್ದರೆ ಹಾಡು ನಿಮ್ಮ ಹತ್ತಿರ ಇಲ್ಲ, ಅದರ ಹೆಸರಿನ ಚೀಟಿ ಮಾತ್ರ ಇದೆ. ಮೊದಲು ಪೂರ್ತಿ ಇಳಿಸಿಕೊಳ್ಳಿ.

## ಮೊದಲು ಹಾಕಿದ ಹಾಡು ಬರುತ್ತವೆ, ಆಮೇಲಿನವು ಖಾಲಿ

ಇದು ನಕಲಿ ಡ್ರೈವ್‌ನ ಲಕ್ಷಣ. 32 ಜಿಬಿ ಚಿಪ್ಪಿಗೆ 2 ಟಿಬಿ ಅಂತ ಸುಳ್ಳು ಹೇಳುವುದನ್ನು ಕಲಿಸಿರುತ್ತಾರೆ. ಕಾಪಿ ನಗುನಗುತ್ತ ಮುಗಿಯುತ್ತದೆ. ಹೆಸರು, ಗಾತ್ರ ಎಲ್ಲ ಸರಿ ಕಾಣುತ್ತದೆ. 32 ಜಿಬಿ ಆಚೆಗೆ ಬರೆದದ್ದು ಮಾತ್ರ ಗಾಳಿಯಲ್ಲಿ. ನಾನೂ ಒಮ್ಮೆ ಇಂಥದ್ದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ, ಆ ಬೆಲೆ ನೋಡಿಯೇ ಅನುಮಾನ ಬರಬೇಕಿತ್ತು ಅಲ್ವಾ?

ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3. ಇವು ಖಾಲಿ ಡ್ರೈವನ್ನು ಪೂರ್ತಿ ತುಂಬಿಸಿ, ತಿರುಗಿ ಓದಿ, ನಿಜ ಹೇಳುತ್ತವೆ. ಒಂದು ರಾತ್ರಿ ಹಿಡಿಯಬಹುದು. ಹಾಡು ತುಂಬುವ ಮೊದಲೇ ಮಾಡಿ. ನಕಲಿ ಅಂತ ಗೊತ್ತಾದರೆ ಹಿಂದಿರುಗಿಸಿ, ಅದಕ್ಕೆ ರಿಪೇರಿ ಇಲ್ಲ.

## ಎಲ್ಲ ಹಾಡಿನ ಪಕ್ಕದಲ್ಲೂ ಆಶ್ಚರ್ಯಸೂಚಕ ಚಿಹ್ನೆ

ಜನ ಹೆಚ್ಚು ಹೆದರುವುದು ಇದಕ್ಕೆ. ಪ್ಲೇಯರ್ ತೆರೆದರೆ ಹೆಸರುಗಳೆಲ್ಲ ಇವೆ, ಒತ್ತಿದರೆ ಫೈಲ್ ಸಿಗುತ್ತಿಲ್ಲ ಅನ್ನುತ್ತದೆ.

ಪ್ಲೇಯರ್ ಇಟ್ಟುಕೊಂಡಿರುವುದು ಹಾಡನ್ನಲ್ಲ, ಅದರ ವಿಳಾಸವನ್ನು. ಹಳೆ ಡಿಸ್ಕ್ ಡಿ ಡ್ರೈವ್ ಆಗಿತ್ತು, ಹೊಸದು ಎಫ್ ಆಗಿದೆ. ಅಂಚೆಯವನು ಹಳೆ ಮನೆ ಬಾಗಿಲು ತಟ್ಟಿ ವಾಪಸ್ ಬರುತ್ತಿದ್ದಾನೆ, ಅಷ್ಟೇ.

ಈಗ 'ಸಿಗದ ಹಾಡುಗಳನ್ನು ತೆಗೆದುಹಾಕು' ಅನ್ನುವ ಗುಂಡಿ ಕಣ್ಣಿಗೆ ಬೀಳುತ್ತದೆ. ಒತ್ತಬೇಡಿ. ಫೈಲ್‌ಗೆ ಏನೂ ಆಗುವುದಿಲ್ಲ ನಿಜ. ಆದರೆ ನೀವು ವರ್ಷಗಟ್ಟಲೆ ಕೊಟ್ಟ ನಕ್ಷತ್ರಗಳು, ಎಷ್ಟು ಸಲ ಕೇಳಿದ್ದೀರಿ ಅನ್ನುವ ಲೆಕ್ಕ, ಪ್ಲೇಲಿಸ್ಟ್ ಎಲ್ಲ ಹೋಗುತ್ತವೆ. ಐಟ್ಯೂನ್ಸ್‌ನಂಥ ಪ್ಲೇಯರ್‌ಗಳಲ್ಲಿ ಈ ನಕ್ಷತ್ರಗಳು ಲೈಬ್ರರಿಯಲ್ಲಿರುತ್ತವೆ, ಹಾಡಿನ ಒಳಗಿರುವುದಿಲ್ಲ.

ಪೈಸೆ ಖರ್ಚಿಲ್ಲದ ಮದ್ದು: ಹೊಸ ಡಿಸ್ಕಿಗೆ ಹಳೆ ಅಕ್ಷರವನ್ನೇ ಕೊಟ್ಟುಬಿಡಿ. ಪ್ಲೇಯರ್ ಮುಚ್ಚಿ, ಹಳೆ ಡಿಸ್ಕ್ ತೆಗೆಯಿರಿ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಹೊಸದರ ಮೇಲೆ ಬಲ ಕ್ಲಿಕ್ ಮಾಡಿ, ಡ್ರೈವ್ ಅಕ್ಷರ ಬದಲಿಸಿ. ಸಿ ಡ್ರೈವ್‌ನ ತಂಟೆಗೆ ಹೋಗಬೇಡಿ. ಒಳಗಿನ ಫೋಲ್ಡರ್ ಜೋಡಣೆ ಮೊದಲಿನಂತೆಯೇ ಇದ್ದರೆ ಎಲ್ಲ ಹಾಡೂ ಎದ್ದು ಕೂರುತ್ತವೆ. ಮ್ಯಾಕ್‌ನಲ್ಲಿ ಅಕ್ಷರದ ಬದಲು ಡಿಸ್ಕಿನ ಹೆಸರು ವಿಳಾಸದಲ್ಲಿರುತ್ತದೆ. ಹಳೆಯದನ್ನು ಹೊರತೆಗೆದು ಹೊಸದಕ್ಕೆ ಅದೇ ಹೆಸರಿಡಿ.

ಲೈಬ್ರರಿ ಸರಿಯಾಗಿ, ಪ್ಲೇಲಿಸ್ಟ್ ಮಾತ್ರ ಸತ್ತಿದ್ದರೆ ಆ ಪ್ಲೇಲಿಸ್ಟನ್ನು ಉಳಿಸಿಟ್ಟ ಎಂ3ಯು ಫೈಲ್‌ನ ಒಂದು ನಕಲು ಮಾಡಿಕೊಂಡು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಸಾಲಿಗೊಂದು ವಿಳಾಸ ಕಾಣುತ್ತದೆ. ಹಳೆ ದಾರಿ ಹುಡುಕಿ ಹೊಸ ದಾರಿ ಹಾಕುವುದು ಒಂದು ನಿಮಿಷದ ಕೆಲಸ. ಕನ್ನಡದ ಹೆಸರುಗಳಿರುವ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಆ ಪಟ್ಟಿ ಸಾಯಲು ಡಿಸ್ಕ್ ಬದಲಾವಣೆ ಕಾರಣವಲ್ಲ. ಹಳೆ ಎಂ3ಯು ರೀತಿಗೆ ಕನ್ನಡ ಗೊತ್ತಿಲ್ಲ, ಉಳಿಸುವಾಗಲೇ ಅಕ್ಷರ ನುಂಗಿದೆ. ಹಳೆ ಡಿಸ್ಕ್ ಇರುವಾಗಲೇ ಪ್ಲೇಯರ್‌ನಿಂದ ಕನ್ನಡ ಬಲ್ಲ ಎಂ3ಯು8 ರೂಪದಲ್ಲಿ ಮತ್ತೆ ಉಳಿಸಿಕೊಳ್ಳಿ.

ಇಡೀ ಆಲ್ಬಂ 50 ನಿಮಿಷದ ಒಂದೇ ಹಾಡಾಗಿ ಕಂಡರೆ ಯಾವ ಹಾಡು ಎಲ್ಲಿ ಶುರು ಅಂತ ಹೇಳುವ, ಪಕ್ಕದಲ್ಲಿದ್ದ ಪುಟ್ಟ ಕ್ಯೂ ಫೈಲ್ ಬಂದಿಲ್ಲ. ಹಳೆಯದರಿಂದ ತನ್ನಿ.

## ಭೀಮಸೇನ ಜೋಶಿ ಇಬ್ಬರಾಗಿದ್ದಾರೆ

ನನ್ನ ಒಂದು ವಾರ ತಿಂದದ್ದು ಇದು. ಹೊಸ ಡಿಸ್ಕಿನಲ್ಲಿ 'ಭೀಮಸೇನ ಜೋಶಿ' ಅಂತ ಎರಡು ಫೋಲ್ಡರ್. ಒಂದರ ಕೆಳಗೊಂದು, ಕಾಗುಣಿತದಲ್ಲಿ ಕೂದಲೆಳೆ ವ್ಯತ್ಯಾಸ ಇಲ್ಲ. ಕಿಶೋರಿ ಅಮೋನಕರ ಕೂಡ ಇಬ್ಬರು. ಆದರೆ ಮಲ್ಲಿಕಾರ್ಜುನ ಮನ್ಸೂರ ಒಬ್ಬರೇ. ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಕುಮಾರ ಗಂಧರ್ವ ಒಬ್ಬೊಬ್ಬರೇ. ಒಂದೇ ಫೋಲ್ಡರ್‌ನಲ್ಲಿದ್ದ ಧಾರವಾಡ ಸೀಮೆಯವರಲ್ಲಿ ಜೋಶಿಯವರಿಗೆ ಮಾತ್ರ ಯಾಕೆ ಹೀಗೆ ಅಂತ ತಲೆ ಕೆರೆದುಕೊಂಡೆ.

ಉತ್ತರ ಕಾಗುಣಿತದಲ್ಲೇ ಇತ್ತು. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರ್ ಬಳಸುವ ಯೂನಿಕೋಡ್ ಸಂಕೇತದಲ್ಲಿ ಕನ್ನಡದ ಐದು ಸ್ವರಚಿಹ್ನೆಗಳನ್ನು ಎರಡು ಥರ ಬರೆಯಬಹುದು: ೀ, ೇ, ೈ, ೊ, ೋ. ಇಡಿಯಾಗಿ ಒಂದೇ ಚಿಹ್ನೆ ಅಂತ ಇಡಬಹುದು. ಇಲ್ಲವೇ ಬಿಡಿಸಿ ತುಂಡುಗಳಾಗಿ ಇಡಬಹುದು. ೋ ಅನ್ನು ಬಿಡಿಸಿದರೆ ಎತ್ವ, ಕೊಂಬಿನ ದೀರ್ಘ, ಉದ್ದದ ಗುರುತು ಅಂತ ಮೂರು ತುಂಡು. ಪರದೆಯ ಮೇಲೆ ಎರಡೂ ಒಂದೇ ರೂಪ. ಹಳೆ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ವಿಂಡೋಸ್‌ನಲ್ಲಿ ನಾವು ಟೈಪ್ ಮಾಡಿದ್ದು ಇಡಿಯಾಗಿ ಕೂರುತ್ತದೆ. ಮ್ಯಾಕ್‌ನಲ್ಲಿದ್ದ ಭಾಗವನ್ನು ನಾನು ಲಿನಕ್ಸ್ ದಾರಿಯಲ್ಲಿ ತಂದಿದ್ದೆ, ಹೆಸರು ಬಿಡಿಸಿದ ಹಾಗೇ ಬಂತು. ವಿಂಡೋಸ್‌ಗೆ ಇವು ಬೇರೆ ಬೇರೆ ಹೆಸರು. 'ಭೀಮಸೇನ ಜೋಶಿ'ಯಲ್ಲಿ ೀ, ೇ, ೋ ಮೂರೂ ಇವೆ. 'ಮಲ್ಲಿಕಾರ್ಜುನ ಮನ್ಸೂರ'ದಲ್ಲಿ ಒಂದೂ ಇಲ್ಲ.

ಪರೀಕ್ಷೆ ಮಾಡಲು ಯಾವ ತಂತ್ರಾಂಶವೂ ಬೇಡ. ಫೋಲ್ಡರ್ ಹೆಸರನ್ನು ನೋಟ್‌ಪ್ಯಾಡ್‌ಗೆ ಅಂಟಿಸಿ. 'ಜೋ' ಆದ ಮೇಲೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಂದೊಂದೇ ಸಲ ಒತ್ತಿ. ಒಂದೇ ಏಟಿಗೆ 'ಜ' ಉಳಿದರೆ ಇಡಿಯಾದದ್ದು. 'ಜೋ' ಮೊದಲು 'ಜೊ' ಆಗಿ, ಆಮೇಲೆ 'ಜೆ' ಆಗಿ, ಮೂರನೇ ಏಟಿಗೆ 'ಜ' ಆದರೆ ಅದು ಬಿಡಿಸಿ ಬರೆದದ್ದು.

ಎರಡು ಫೋಲ್ಡರ್ ಕಂಡ ತಕ್ಷಣ ಒಂದು ನಕಲು ಅಂತ ಅಳಿಸಬೇಡಿ. ನನಗೆ ಒಂದರಲ್ಲಿ 112 ಫೈಲ್, ಇನ್ನೊಂದರಲ್ಲಿ ಬೇರೆಯೇ 40 ಇದ್ದವು. ಎರಡರ ಒಳಗನ್ನೂ ಹೋಲಿಸಿ, ಇಡಿಯಾದ ಹೆಸರಿನದಕ್ಕೆ ಎಲ್ಲ ಸೇರಿಸಿ, ಖಾಲಿಯಾದದ್ದನ್ನು ತೆಗೆಯಿರಿ. ನೂರಾರು ಫೋಲ್ಡರ್ ಇದ್ದರೆ ಲಿನಕ್ಸ್‌ನ ಕಾನ್ವ್‌ಎಂವಿ ಒಟ್ಟಿಗೆ ಬದಲಿಸುತ್ತದೆ. ಮೊದಲು ಅದು ಏನು ಮಾಡಲಿದೆ ಅಂತ ಬರೀ ತೋರಿಸುತ್ತದೆ, ಓದಿ ನೋಡಿ ಆಮೇಲೆ ನಿಜವಾಗಿ ಓಡಿಸಿ.

## ಕನ್ನಡದ ಹೆಸರು ಕಲಸುಮೇಲೋಗರವಾಗಿದೆ

ನಾಲ್ಕು ಥರ ಕಾಣಬಹುದು, ನಾಲ್ಕಕ್ಕೂ ಅರ್ಥ ಬೇರೆ.

ಚೌಕ ಡಬ್ಬಿಗಳು ಕಂಡರೆ ಹೆಸರು ಸರಿ ಇದೆ. ಆ ಕಾರಿಗೋ ಟಿವಿಗೋ ಕನ್ನಡ ಫಾಂಟ್ ಇಲ್ಲ, ಅಷ್ಟೇ. ಫೈಲ್‌ಗೆ ಕೈ ಹಚ್ಚಬೇಡಿ.

ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಯಾವುದೋ ತಂತ್ರಾಂಶ ಅಕ್ಷರಗಳನ್ನು ನುಂಗಿರಬಹುದು. ಬೇರೆ ಪ್ಲೇಯರ್‌ನಲ್ಲೂ ಹಾಗೇ ಕಂಡರೆ ಅದು ಹಿಂತಿರುಗುವುದಿಲ್ಲ. ಹಳೆ ಡಿಸ್ಕಿನಿಂದ ಮತ್ತೆ ತನ್ನಿ.

ನೆತ್ತಿಯ ಮೇಲೆ ಗೀಟಿರುವ ಸಣ್ಣ ಇಂಗ್ಲಿಷ್ 'ಎ', ಅದರ ಪಕ್ಕ ಮೇಲಕ್ಕೆ ತೂಗುವ ಪುಟ್ಟ 2 ಅಥವಾ 3, ಹೀಗೆ ಮತ್ತೆ ಮತ್ತೆ ಬಂದರೆ ಖುಷಿಪಡಿ. ಇದು ಅಪ್ಪಟ ಯೂನಿಕೋಡ್ ಕನ್ನಡ, ಓದುವವನು ತಪ್ಪಾಗಿ ಓದುತ್ತಿದ್ದಾನೆ. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ರೀತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಮೂರು ಬೈಟ್. ಮೊದಲೆರಡು ಬೈಟ್‌ಗಳೇ ಹೀಗೆ ಎ ಮತ್ತು 2, 3 ಆಗಿ ಇಣುಕುತ್ತವೆ. ಹಾಡಿನ ಒಳಗಿನ ಹೆಸರುಗಳನ್ನು ತಿದ್ದುವ ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಅಕ್ಷರ ಸಂಕೇತ ಬದಲಿಸಿ ಸರಿಪಡಿಸಬಹುದು. ಮೊದಲು ಒಂದು ಫೈಲ್‌ನ ನಕಲಿನ ಮೇಲೆ ಮಾಡಿ ನೋಡಿ.

ಗೀಟಿರುವ 'ಎ' ದೊಡ್ಡಕ್ಷರವಾಗಿದ್ದು, ನಡುನಡುವೆ ಮಾಮೂಲಿ ಇಂಗ್ಲಿಷ್ ಅಕ್ಷರಗಳು ಬೆರೆತಿದ್ದರೆ ಅದು ಹಳೆಯ ನುಡಿ ಫಾಂಟಿನಲ್ಲಿ ಬರೆದ ಹೆಸರು. 'ಕನ್ನಡ' ಅನ್ನುವುದು ಇಂಗ್ಲಿಷ್ 'ಪಿ'ಯಿಂದ ಶುರುವಾದರೆ ಖಾತ್ರಿ. ಡಿಸ್ಕ್ ಬದಲಿಸಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ, ಮೊದಲಿನಿಂದಲೂ ಹೀಗೇ ಇತ್ತು. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ತೆಗೆಯಿರಿ.

## ಕಾರಿನಲ್ಲಿ ಪ್ರತಿ ಹಾಡಿಗೂ ಮೊದಲು 'ಫೈಲ್ ಸರಿಯಿಲ್ಲ' ಅನ್ನುತ್ತದೆ

ಮ್ಯಾಕ್‌ನಿಂದ ಪೆನ್‌ಡ್ರೈವ್‌ಗೆ ತುಂಬಿದ್ದೀರಿ. ಪ್ರತಿ ಹಾಡಿನ ಜೊತೆ ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ, ಅದೇ ಹೆಸರಿನ 4 ಕೆಬಿ ಫೈಲನ್ನು ಮ್ಯಾಕ್ ಇಟ್ಟಿರುತ್ತದೆ. ಕಾರು ಅದನ್ನೂ ಹಾಡು ಅಂದುಕೊಳ್ಳುತ್ತದೆ. ಪೆನ್‌ಡ್ರೈವ್‌ನಲ್ಲಿ ಅಂಥವನ್ನು ಹುಡುಕಿ ಅಳಿಸಿ. ಹಾಡಿಗೆ ಏನೂ ಆಗುವುದಿಲ್ಲ.

## ಹಾಡು ನಡುವೆ ಎಗರುತ್ತದೆ, ಕಟಕಟ ಅನ್ನುತ್ತದೆ

ಎಗರಿದ ಜಾಗದ ಸಮಯ ಬರೆದಿಟ್ಟುಕೊಳ್ಳಿ. 3 ನಿಮಿಷ 12 ಸೆಕೆಂಡ್ ಅಂತಿಟ್ಟುಕೊಳ್ಳಿ. ಮತ್ತೆ ಎರಡು ಸಲ ಕೇಳಿ. ಪ್ರತಿ ಸಲವೂ 3:12ಕ್ಕೇ ಎಗರಿದರೆ ಫೈಲ್ ಕೆಟ್ಟಿದೆ. ಬೇರೆ ಬೇರೆ ಕಡೆ ಎಗರಿದರೆ ಫೈಲ್ ಸರಿ ಇದೆ, ಕೇಬಲ್ಲೋ ಪೋರ್ಟೋ ತೊಂದರೆ ಕೊಡುತ್ತಿದೆ. ಹಾಡಿನ ಮೊದಲ ಎರಡು ಮೂರು ಸೆಕೆಂಡ್ ತಡವಾಗಿ, ಆಮೇಲೆ ಸರಾಗವಾದರೆ ಡಿಸ್ಕ್ ನಿದ್ದೆಯಿಂದ ಎದ್ದು ಬರುತ್ತಿದೆ.

ಫೈಲ್ ಕೆಟ್ಟಿದ್ದರೆ ಹಳೆ ಡಿಸ್ಕಿನದನ್ನು ಅದೇ ಜಾಗದಲ್ಲಿ ಕೇಳಿ. ಅಲ್ಲಿ ಸರಿ ಇದ್ದರೆ ಕಾಪಿಯಲ್ಲಿ ಕೆಟ್ಟಿದೆ. ಒಂದು ಕೆಟ್ಟಿದ್ದರೆ ಇನ್ನೂ ನಾಲ್ಕು ಕೆಟ್ಟಿರುತ್ತವೆ. 38 ಸಾವಿರ ಹಾಡು ಕೂತು ಕೇಳಲು ಆಗುತ್ತದೆಯೇ? ಫ್ಲ್ಯಾಕ್ ಫೈಲ್‌ಗಳಿಗೆ ಒಂದು ಅನುಕೂಲ ಇದೆ. ಒಳಗಿನ ಧ್ವನಿಯ ಎಂಡಿ5 ಬೆರಳಚ್ಚನ್ನು ಫೈಲ್ ತನ್ನಲ್ಲೇ ಹೊತ್ತಿರುತ್ತದೆ. ಫೂಬಾರ್2000 ಅನ್ನುವ ಪ್ಲೇಯರ್‌ನ ಫೈಲ್ ಪರಿಶೀಲನೆ ಓಡಿಸಿದರೆ ಮೂಲ ಇಲ್ಲದೆಯೂ ಸರಿಯೋ ತಪ್ಪೋ ಹೇಳುತ್ತದೆ. ಎಂಪಿ3ಗೆ ಅಷ್ಟು ಭದ್ರವಾದ ಗುರುತಿಲ್ಲ. ಅದಕ್ಕೆ ಎರಡೂ ಡಿಸ್ಕ್‌ಗಳ ಫೈಲ್‌ಗಳನ್ನು ಬೈಟ್‌ಗೆ ಬೈಟ್ ಹೋಲಿಸಬೇಕು. ಫ್ರೀಫೈಲ್‌ಸಿಂಕ್‌ನಲ್ಲಿ 'ಒಳಗಿನ ವಿಷಯ ಹೋಲಿಸು' ಆಯ್ಕೆ ಹಾಕಿ ರಾತ್ರಿ ಬಿಟ್ಟು ಮಲಗಿ. ಕಂಪ್ಯೂಟರ್ ನಿದ್ದೆ ಹೋಗದಂತೆ ಮೊದಲೇ ನೋಡಿಕೊಳ್ಳಿ.

ಹೋಲಿಸುವ ಮೊದಲು ಹೊಸ ಡಿಸ್ಕನ್ನು ಪ್ಲೇಯರ್‌ಗೆ ತೋರಿಸಬೇಡಿ. ಕೆಲವು ಪ್ಲೇಯರ್‌ಗಳು ಹಾಡಿನ ಒಳಗೆ ನಕ್ಷತ್ರವನ್ನೋ ಚಿತ್ರವನ್ನೋ ಬರೆದುಬಿಡುತ್ತವೆ. ಆಗ ಸಾವಿರಾರು ಫೈಲ್ ಬೇರೆ ಅಂತ ಬರುತ್ತದೆ. ನಾನು ಹಾಗೆ ಒಂದು ರಾತ್ರಿ ನಿದ್ದೆಗೆಟ್ಟಿದ್ದೇನೆ.

ಕೆಟ್ಟ ಕಾಪಿಗಳು ಬೇರೆ ಬೇರೆ ಫೋಲ್ಡರ್‌ನಲ್ಲಿ ಚೆದುರಿದ್ದು, ಕೇಬಲ್ ಬದಲಿಸಿ ಮತ್ತೆ ಕಾಪಿ ಮಾಡಿದರೂ ಹೊಸಹೊಸವು ಕೆಡುತ್ತಿದ್ದರೆ ಕಂಪ್ಯೂಟರ್‌ನ ರ್‍ಯಾಮ್ ಮೇಲೆ ಅನುಮಾನ ಪಡಿ. ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ತಪ್ಪು ಬಂದರೂ ಆ ಕಂಪ್ಯೂಟರ್‌ನಲ್ಲಿ ಕಾಪಿ ನಿಲ್ಲಿಸಿ, ಬೇರೆಯದರಲ್ಲಿ ಮುಂದುವರಿಸಿ.

## ಹಳೆ ಡಿಸ್ಕ್ ಯಾವಾಗ ಖಾಲಿ ಮಾಡಲಿ?

ಬೈಟ್ ಹೋಲಿಕೆ ಒಂದೂ ತಪ್ಪಿಲ್ಲದೆ ಮುಗಿದಿರಬೇಕು. ಹೊಸ ಡಿಸ್ಕನ್ನು ಸರಿಯಾಗಿ ಎಜೆಕ್ಟ್ ಮಾಡಿ, ತೆಗೆದು, ಬೇರೊಂದು ಕಂಪ್ಯೂಟರ್‌ಗೆ ಹಾಕಿ ನಾಲ್ಕು ಫೋಲ್ಡರ್‌ಗಳಿಂದ ಹಾಡು ಕೇಳಿರಬೇಕು. ಇನ್ನೊಂದು ಕಡೆ ಇನ್ನೊಂದು ಪ್ರತಿಯೂ ಇರಬೇಕು. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಹೆಚ್ಚಾಗಿ ಮತ್ತೆ ಸಿಗುವುದಿಲ್ಲ. ಅಳಿಸಿದ ಜಾಗವನ್ನು ಅದು ತಾನಾಗಿ ತೊಳೆದುಬಿಡುತ್ತದೆ.

ನನ್ನ ಹಳೆ 1 ಟಿಬಿ ಇನ್ನೂ ಖಾಲಿಯಾಗಿಲ್ಲ. ಬಿಳಿ ಪಟ್ಟಿ ಅಂಟಿಸಿ, ತಾರೀಖು ಬರೆದು, ಹಳೆ ಕ್ಯಾಸೆಟ್‌ಗಳಿರುವ ಬೀರುವಿನಲ್ಲೇ ಇಟ್ಟಿದ್ದೇನೆ. ಸಿ5 ಸಾಲಿನಲ್ಲಿ ಕಳೆದ ತಿಂಗಳು 8 ಇತ್ತು, ಈ ತಿಂಗಳೂ 8.